ಹುಣಸೆ ಬೀಜದ ಪುಡಿಯ ಬೆನ್ನು ಹತ್ತಿ ಆಸ್ಟ್ರಿಯಾಕ್ಕೆ

ವಿಯೆನ್ನಾ

ಪೆಟ್ಟಿಗೆ ನನಗಿಂತ ಏಳು ವಾರ ಮೊದಲೇ ರಾಯಾಪುರ ಬಿಟ್ಟಿತ್ತು. ಲಾರಿಯ ಮೇಲೆ ಹುಬ್ಬಳ್ಳಿಗೆ, ಅಲ್ಲಿಂದ ಗೂಡ್ಸ್ ರೈಲಿನಲ್ಲಿ ಬಂದರಿಗೆ, ಬಂದರಿನಿಂದ ಹಡಗಿನಲ್ಲಿ ಯುರೋಪಿಗೆ, ಅಲ್ಲಿಂದ ಮತ್ತೆ ರೈಲು. ನಾನು ಎರಡು ವಿಮಾನ ಹತ್ತಿ ಒಂದೂವರೆ ದಿನದಲ್ಲಿ ಅದನ್ನು ಹಿಂದೆ ಹಾಕಿದೆ.

ಪೆಟ್ಟಿಗೆ ಅಂದರೆ ಇಪ್ಪತ್ತು ಅಡಿಯ ಕಂಟೇನರು. ಒಳಗಿದ್ದದ್ದು ಹುಣಸೆ ಬೀಜದ ಪುಡಿ. ಬಟ್ಟೆಯ ಮೇಲೆ ಬಣ್ಣದ ಅಚ್ಚು ಹಾಕುವವರು ಬಣ್ಣ ಹರಡದಿರಲೆಂದು ಇದನ್ನು ಕಲಸುತ್ತಾರೆ. ರಾಯಾಪುರದ ನಮ್ಮ ಕಾರ್ಖಾನೆ ಅದನ್ನು ಇಷ್ಟು ವರ್ಷ ಚೀಲಗಳಲ್ಲಿ ಕಳಿಸುತ್ತಿತ್ತು. ಚೀಲವನ್ನು ಹಮಾಲರು ಇಲ್ಲಿ ಹೊತ್ತು ಹಾಕಬೇಕು, ಬಂದರಿನಲ್ಲಿ ಹೊತ್ತು ಇಳಿಸಬೇಕು, ಪ್ರತಿ ಕಡೆಯೂ ಒಂದಷ್ಟು ಚೀಲ ಹರಿಯುತ್ತವೆ. ಈ ಸಲ ಸಣ್ಣ ಚೀಲಗಳಿಲ್ಲ. ಕಂಟೇನರಿನ ಒಳಗೆ ಅದರಷ್ಟೇ ದೊಡ್ಡದಾದ ಒಂದೇ ಪ್ಲಾಸ್ಟಿಕ್ ಚೀಲ ಕಟ್ಟಿ, ಬಾಗಿಲ ಹತ್ತಿರ ಮೇಲಿರುವ ಬಾಯಿಂದ ಪುಡಿ ತುಂಬುವುದು. ಆಮೇಲೆ ಪೆಟ್ಟಿಗೆಯಷ್ಟೇ ಲಾರಿಯಿಂದ ರೈಲಿಗೆ, ರೈಲಿನಿಂದ ಹಡಗಿಗೆ ಏರಿ ಇಳಿಯುತ್ತದೆ, ಪುಡಿಯನ್ನು ಯಾರೂ ಮುಟ್ಟುವುದಿಲ್ಲ. ತಲುಪಿದ ಊರಿನಲ್ಲಿ ಕೆಳಗಿನ ಬಾಯಿ ಬಿಚ್ಚಿ ಪೆಟ್ಟಿಗೆಯನ್ನು ಓರೆ ಮಾಡಿದರೆ ಎಲ್ಲ ತಾನೇ ಸುರಿದು ಹೋಗಬೇಕು. ಹೇಳುವುದಕ್ಕೆ ಇಷ್ಟೇ.

ನಾನು ಆ ಕಾರ್ಖಾನೆಯ ಲ್ಯಾಬ್ ನೋಡಿಕೊಳ್ಳುವವಳು. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿದೆ, ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಮನೆ. ಮೊದಲ ಪೆಟ್ಟಿಗೆ ತುಂಬುವ ಕೆಲಸಕ್ಕೆ ಮಾಲಕರು ಹೊರಗಿನವರನ್ನು ಕರೆಸಬೇಕೆಂದಿದ್ದರು. ದಸ್ತಗೀರ ಕಾಕಾನೇ ತುಂಬಲಿ ಎಂದು ಹಟ ಹಿಡಿದವಳು ನಾನು. ಕಾಕಾ ಮೂವತ್ತು ವರ್ಷದಿಂದ ನಮ್ಮಲ್ಲಿ ಪುಡಿ ತುಂಬಿಸುವ ಮೇಸ್ತ್ರಿ. ಮಾಲಕರು ಒಪ್ಪಿದರು, ಒಂದು ಮಾತು ಸೇರಿಸಿ: "ಹೆಚ್ಚುಕಮ್ಮಿ ಆದ್ರ ನಿಮ್ಮ ಕಾಕಾ ಮನಿಗೆ ಹೋಗ್ತಾನ, ನೆನಪಿಡ್ರಿ."

ನೆನಪಿಡುವುದು ನನಗೆ ಆಗದ ಕೆಲಸ. ನನ್ನ ನೆನಪು ನನಗೆ ಬೇಕಾದಂತೆ ಮಾತಾಡುತ್ತದೆ ಎಂದು ತಿಳಿದ ಮೇಲೆ ದಿನಚರಿ ಬರೆಯತೊಡಗಿದೆ. ಈ ಕಥನವನ್ನೂ ಅದನ್ನು ಎದುರಿಗಿಟ್ಟುಕೊಂಡೇ ಬರೆಯುತ್ತಿದ್ದೇನೆ. ಅದರಲ್ಲಿ ಇಲ್ಲದ್ದನ್ನು ಹೇಳುವಾಗ ಹಾಗೆಂದು ತಿಳಿಸುತ್ತೇನೆ.

ವಿಯೆನ್ನಾದ ವಿಮಾನ ನಿಲ್ದಾಣದಲ್ಲಿ ಒಬ್ಬ ಕಸ್ಟಮ್ಸ್ ಅಧಿಕಾರಿ ನನ್ನ ಚೀಲ ತೆರೆಸಿದ. ಕಡಕ್ ರೊಟ್ಟಿಯ ಕಟ್ಟನ್ನು ನೋಡಿ ಸುಮ್ಮನಾದ. ಶೇಂಗಾ ಚಟ್ನಿಪುಡಿಯ ಸ್ಟೀಲ್ ಡಬ್ಬಿ ಅವನಿಗೆ ಸಂಶಯ ತಂದಿತು. ಮುಚ್ಚಳ ತೆಗೆದು, ಕೆಳಗೆ ಕಾಗದ ಹಿಡಿದು, ಡಬ್ಬಿಯನ್ನು ಬೋರಲು ಮಾಡಿದ. ಒಂದು ಚಿಟಿಕೆಯೂ ಬೀಳಲಿಲ್ಲ. ಅವನು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ.

"ಇದು ಪುಡಿಯೇ?" ಅಂದ.

"ಪುಡಿಯೇ. ಊಟಕ್ಕೆ," ಅಂದೆ.

ನಮ್ಮ ಅತ್ತೆ ವಾಟಿಯ, ಅಂದರೆ ಸಣ್ಣ ಬಟ್ಟಲಿನ, ತಳದಿಂದ ಒತ್ತಿ ಒತ್ತಿ ತುಂಬಿದ್ದರು. ಅಷ್ಟು ದೂರ ಹೋಗುವವಳಿಗೆ ಸಡಿಲಾಗಿ ತುಂಬಿ ಕೊಟ್ಟರೆ ಏನು ಚಂದ? ಅವನು ಚಮಚದ ತುದಿಯಿಂದ ಸ್ವಲ್ಪ ಕೆರೆದು, ಮೂಸಿ, ಒಂದು ಸಲ ಸೀನಿ, ನನ್ನನ್ನು ಹೋಗಬಿಟ್ಟ.

ಮಾತಾಡಬಾರದ ಡಬ್ಬಿ

ವಿಯೆನ್ನಾದಿಂದ ಪಶ್ಚಿಮಕ್ಕೆ ಹೋಗುವ ರೈಲು. ಕಿಟಕಿಯ ಪಕ್ಕದ ಸೀಟು, ಹೊರಗೆ ಹಸಿರು ಹೊಲ, ರೈಲಿನ ಡಬ್ಬಿಯಲ್ಲಿ ಸದ್ದೇ ಇಲ್ಲ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವಷ್ಟರಲ್ಲಿ ನಮಗೆ ಎದುರಿನವರ ಮಗಳ ಮದುವೆ ಎಲ್ಲಿಗೆ ಬಂತೆಂದು ಗೊತ್ತಾಗಿರುತ್ತದೆ. ಇಲ್ಲಿ ಎರಡು ತಾಸಿನಲ್ಲಿ ಎದುರಿನ ಅಜ್ಜಿ ಒಂದು ಸಲ ಪುಟ ಮಗುಚಿದ್ದಷ್ಟೇ ಕೇಳಿಸಿತು. ಎಂಥ ಶಿಸ್ತಿನ ಜನ ಎಂದು ದಿನಚರಿಯಲ್ಲಿ ಬರೆಯುತ್ತಿದ್ದೆ. ಆಗ ಫೋನು ರಿಂಗಾಯಿತು. ಎತ್ತುವ ಗಡಿಬಿಡಿಯಲ್ಲಿ ಸ್ಪೀಕರ್ ಒತ್ತಿಬಿಟ್ಟೆ.

"ಅಕ್ಕಾರ, ಪೆಟ್ಟಿಗಿ ಮುಟ್ಟಿತೇನ್ರಿ?" ದಸ್ತಗೀರ ಕಾಕಾನ ದನಿ ಡಬ್ಬಿಯ ಆಚೆ ತುದಿಗೂ ಮುಟ್ಟಿತು. ಮಶೀನುಗಳ ನಡುವೆ ಮೂವತ್ತು ವರ್ಷ ಮಾತಾಡಿದ ದನಿ ಅದು.

ಅಜ್ಜಿ ಪುಸ್ತಕದಿಂದ ತಲೆ ಎತ್ತಿ ಗೋಡೆಯ ಮೇಲಿನ ಚಿತ್ರವನ್ನು ತೋರಿಸಿದಳು: ತುಟಿಯ ಮೇಲೆ ಬೆರಳು. ಅದು ಸದ್ದು ಬೇಡವೆನ್ನುವವರಿಗೆಂದೇ ಇಟ್ಟ ಡಬ್ಬಿ. ಉಳಿದ ಡಬ್ಬಿಗಳಲ್ಲಿ ಜನ ಚೆನ್ನಾಗಿಯೇ ಹರಟುತ್ತಿದ್ದರು ಎಂಬುದು ಬಾಗಿಲ ಬಳಿ ಓಡಿ ಹೋದಾಗ ತಿಳಿಯಿತು. ಶಿಸ್ತಿನ ಬಗ್ಗೆ ಬರೆದ ಸಾಲನ್ನು ಆಮೇಲೆ ಹೊಡೆದು ಹಾಕಿದೆ.

"ನಾಳೆ ಬರತೈತಿ ಕಾಕಾ. ಇವತ್ತ ಇನ್ನ ನಾನss ಮುಟ್ಟಿಲ್ಲ."

"ಬಾಗಲಾ ತಗದಾಗ ಒಂದ್ ಫೋಟೋ ಹೊಡದ ಕಳಸ್ರಿ. ತುಂಬಿದ್ದ ಕಾಣಬೇಕ್ ನೋಡ್ರಿ ಅವರಿಗೆ. ಅರ್ಧಾ ಕಳಸ್ಯಾರ ಅನಬಾರದು."

"ಆತ್ರಿ," ಅಂದೆ. ಆ ಮಾತಿನಲ್ಲಿ ಏನಿತ್ತೆಂದು ಆಗ ನನಗೆ ಹೊಳೆಯಲಿಲ್ಲ.

ಯಾರ್ಡು

ಊರು ಸಣ್ಣದು, ಹೆಸರು ಬರೆಯುವುದಿಲ್ಲ. ಅಲ್ಲಿಯವರನ್ನು ಕೇಳಿ ಬರೆಯುತ್ತಿಲ್ಲವಲ್ಲ. ಬೆಳಿಗ್ಗೆ ರೈಲು ಯಾರ್ಡಿಗೆ ನಡೆದು ಹೋದೆ. ದಾರಿಯಲ್ಲಿ ಒಂದು ಸಿಗ್ನಲ್ಲು. ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಗಾಡಿ ಇಲ್ಲ, ಆದರೂ ನಾಲ್ಕು ಜನ ಕೆಂಪು ದೀಪಕ್ಕೆ ನಿಂತಿದ್ದರು. ನಾನು ಹುಬ್ಬಳ್ಳಿಯ ಗಬ್ಬೂರ ಬೈಪಾಸು ದಾಟಿ ರೂಢಿಯಾದವಳು, ಅರ್ಧ ದಾರಿ ಹೋಗಿ ನಾಚಿಕೆಯಾಗಿ ಹಿಂದಕ್ಕೆ ಬಂದೆ. ಹಿಂದಕ್ಕೆ ಬಂದದ್ದು ಇನ್ನೂ ಅಪಾಯವಾಗಿತ್ತೇನೋ.

ಯಾರ್ಡಿನಲ್ಲಿ ಇಬ್ಬರು ಕಾದಿದ್ದರು. ಮಾರ್ಟಿನಾ ಪುಡಿ ಕೊಳ್ಳುವ ಕಾರ್ಖಾನೆಯ ಎಂಜಿನಿಯರು, ನನ್ನ ವಯಸ್ಸಿನವಳು. ಯೋಹಾನ್ ಪೆಟ್ಟಿಗೆಯನ್ನು ಓರೆ ಮಾಡುವ ಲಾರಿಯ ಚಾಲಕ, ನಿವೃತ್ತಿಗೆ ಹತ್ತಿರವಾದವನು, ಮಾತು ಕಡಿಮೆ. ನಾವು ಮೂವರೂ ನಮ್ಮದಲ್ಲದ ಇಂಗ್ಲಿಷಿನಲ್ಲಿ ಮಾತಾಡಿದೆವು.

ರೈಲು ಬಂತು. ಎಂಜಿನ್ನಿನ ಹಿಂದೆ ಪೆಟ್ಟಿಗೆಗಳೇ ಪೆಟ್ಟಿಗೆಗಳು. ದೊಡ್ಡ ಕ್ರೇನು ಒಂದೊಂದನ್ನೇ ನಾಲ್ಕು ಮೂಲೆ ಹಿಡಿದು ಎತ್ತಿ, ಪಕ್ಕದ ಲಾರಿಗಳ ಮೇಲೆ ಇಡುತ್ತಿತ್ತು. ನಮ್ಮದರ ನಂಬರು ನನಗೆ ಬಾಯಿಪಾಠ. ಬಾಯಿಪಾಠದ ನಂಬರಿನ ಪೆಟ್ಟಿಗೆ ಬರಲೇ ಇಲ್ಲ. ದಿನಚರಿ ತೆಗೆದು ನೋಡಿದರೆ ಕೊನೆಯ ಎರಡು ಅಂಕಿಗಳನ್ನು ನಾನು ತಲೆಯಲ್ಲಿ ಅದಲು ಬದಲು ಮಾಡಿಕೊಂಡಿದ್ದೆ. ಪೆಟ್ಟಿಗೆ ಆಗಲೇ ಯೋಹಾನನ ಲಾರಿಯ ಮೇಲಿತ್ತು, ಬಾಗಿಲ ಸಂದಿನಲ್ಲಿ ರಾಯಾಪುರದ ಧೂಳು ಹಾಗೇ ಇತ್ತು.

ಸುಮ್ಮನೆ ನಿಲ್ಲಲಾರದೆ ಯೋಹಾನನಿಗೆ ನಮ್ಮ ಹುಬ್ಬಳ್ಳಿ ನಿಲ್ದಾಣದ ಪ್ಲಾಟ್‌ಫಾರ್ಮು ಎಷ್ಟು ಉದ್ದವೆಂದು ಹೇಳಿದೆ. ಒಂದೂವರೆ ಕಿಲೋಮೀಟರು.

ಅವನು ಸ್ವಲ್ಪ ಯೋಚಿಸಿ, "ಅಷ್ಟು ಉದ್ದ ಯಾಕೆ?" ಅಂದ.

ಇಷ್ಟು ದಿನ ಎಷ್ಟೋ ಜನಕ್ಕೆ ಹೇಳಿದ್ದೇನೆ, ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಆಮೇಲೆ ಅವನು ಪೆಟ್ಟಿಗೆಯ ಸುತ್ತ ನಡೆದು, ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ ಕಿವಿ ಕೊಟ್ಟ. ನಾವು ಕಲ್ಲಂಗಡಿ ಆರಿಸುವಾಗ ಮಾಡುವ ಹಾಗೆ. "ತುಂಬಾ ತುಂಬಿದೆ," ಅಂದ. ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ಮಧ್ಯಾಹ್ನ ಹನ್ನೆರಡು

ಕಾರ್ಖಾನೆಯ ಅಂಗಳದಲ್ಲಿ ಬಾಗಿಲು ತೆರೆದರು. ಚೀಲ ಉಬ್ಬಿ ನಿಂತಿತ್ತು, ಮೇಲಿನವರೆಗೂ. ಕಾಕಾನಿಗೆ ಫೋಟೋ ತೆಗೆದೆ. ಕೆಳಗಿನ ಬಾಯಿಯನ್ನು ಪೈಪಿಗೆ ಬಿಗಿದು ಯೋಹಾನ್ ಲಾರಿಯ ಗುಂಡಿ ಒತ್ತಿದ. ಪೆಟ್ಟಿಗೆಯ ತಲೆ ನಿಧಾನವಾಗಿ ಮೇಲೆದ್ದಿತು. ಒಂದಷ್ಟು ಪುಡಿ ಸರ್ರೆಂದು ಇಳಿಯಿತು, ನಾಲ್ಕೈದು ಚೀಲದಷ್ಟು ಇರಬಹುದು. ಆಮೇಲೆ ನಿಂತಿತು. ಇನ್ನೂ ಎತ್ತಿದ. ಪೆಟ್ಟಿಗೆ ಆಕಾಶಕ್ಕೆ ಮುಖ ಮಾಡಿ ನಿಂತರೂ ಒಳಗಿನದು ಗೋಡೆಯ ಹಾಗೆ ಕೂತೇ ಇತ್ತು. ನನ್ನ ಕಣ್ಣ ಮುಂದೆ ಬಂದದ್ದು ಮಾಲಕರ ಮುಖ, ಅದರ ಹಿಂದೆ ಕಾಕಾನದು.

ರಾಯಾಪುರದಲ್ಲಿ ಹೀಗಾದರೆ ಏನು ಮಾಡುತ್ತೇವೆಂದು ಎಲ್ಲರಿಗೂ ಗೊತ್ತು. ಪುಡಿ ಇಳಿಯುವ ಪ್ರತಿ ತಗಡಿನ ಕೊಳವೆಯ ಪಕ್ಕ ಒಂದು ಕೊಡತಿ ಇರುತ್ತದೆ, ಕಟ್ಟಿಗೆಯ ಸುತ್ತಿಗೆ. ಎರಡು ಏಟು ಹಾಕಿದರೆ ಇಳಿಯುತ್ತದೆ. ನಮ್ಮ ತಗಡುಗಳ ಮೈ ತುಂಬ ತಗ್ಗು. ಇಲ್ಲಿಯ ತಗಡುಗಳಲ್ಲಿ ಒಂದು ಗುಳಿಯೂ ಇರಲಿಲ್ಲ.

"ಸ್ವಲ್ಪ ಬಡಿದರೆ?" ಅಂದೆ.

"ಬಡಿದರೆ ಇನ್ನೂ ಗಟ್ಟಿಯಾಗುತ್ತದೆ," ಅಂದ ಯೋಹಾನ್. ಗಡಿಯಾರ ನೋಡಿದ. ಪೆಟ್ಟಿಗೆಯನ್ನು ಇಳಿಸಿ, ಕೈಗವಸು ಕಳಚಿ, ನಮ್ಮಿಬ್ಬರಿಗೂ ತಲೆ ಬಾಗಿಸಿ, "ಮಾಲ್‌ತ್ಸೈಟ್," ಅಂದ.

ಊಟದ ಹೊತ್ತು ಎಂದು ಅದರ ಅರ್ಥ. ಹನ್ನೆರಡಕ್ಕೆ ಅಲ್ಲಿ ಎಲ್ಲರೂ ಎಲ್ಲರಿಗೂ ಇದನ್ನೇ ಹೇಳುತ್ತಾರೆ, ಗುರುತಿಲ್ಲದವರಿಗೂ. ನಾವು "ಊಟ ಆತ್ರಿ?" ಅನ್ನುವ ಹಾಗೆ, ಆದರೆ ಅವರದರಲ್ಲಿ ಪ್ರಶ್ನೆ ಇಲ್ಲ. ಉತ್ತರಕ್ಕೂ ಅದೇ ಪದ. ಹದಿನೈದು ಟನ್ ಪುಡಿ ಅಂಗಳದಲ್ಲಿ ಸಿಕ್ಕಿಕೊಂಡಿರುವಾಗ ಊಟಕ್ಕೆ ಹೋಗುವುದು ನಮ್ಮಲ್ಲಿ ಆಗದು. ನಾವು ಊಟ ಬಿಟ್ಟು ಸುತ್ತ ನಿಂತು ತಲೆಗೊಂದು ಸಲಹೆ ಕೊಡುತ್ತಿದ್ದೆವು.

ಕ್ಯಾಂಟೀನಿನಲ್ಲಿ ಆಲೂಗಡ್ಡೆ ತಿನ್ನುತ್ತ ಮಾರ್ಟಿನಾ ಸಮಾಧಾನದಿಂದ ಹೇಳಿದಳು: "ಎರಡೇ ಕಾರಣ ಇರಬಹುದು. ಒಳಗೆ ಎಲ್ಲೋ ನೀರು ಹೋಗಿ ಹೆಂಟೆಗಟ್ಟಿದೆ, ಇಲ್ಲವೇ ತುಂಬುವಾಗಲೇ ಅದುಮಿದ್ದಾರೆ. ಬಾಯಿಯ ಹತ್ತಿರದ ಪುಡಿ ಒಣಗಿಯೇ ಇದೆ, ಒಳಗಿನದು ಗೊತ್ತಿಲ್ಲ. ಬರೀ ಅದುಮಿದ್ದಾದರೆ ಕೆಳಗಿನಿಂದ ಮೆಲ್ಲಗೆ ಗಾಳಿ ಊದಿ ಬಿಡಿಸಬಹುದು. ನೀರು ಹೋಗಿದ್ದರೆ ಹೆಂಟೆಗಳು ನಮ್ಮ ಪೈಪನ್ನೆಲ್ಲ ಕಟ್ಟುತ್ತವೆ. ಆಗ ಚೀಲ ಹರಿದು ಎಲ್ಲ ಹೊರಗೆ ಸುರಿದು ಎಸೆಯಬೇಕು."

ಪೆಟ್ಟಿಗೆ ತುಂಬಿದ ದಿನ ನಾವು ಬರೆದು ಕಳಿಸಿದ್ದ ಹಾಳೆಯನ್ನು ಅವಳು ಮೇಜಿನ ಮೇಲಿಟ್ಟಳು. "ಮೇಲಿಂದ ಸಡಿಲವಾಗಿ ಸುರಿಯಲಾಗಿದೆ, ಬಡಿದಿಲ್ಲ, ಅಲುಗಿಸಿಲ್ಲ ಎಂದು ಇದರಲ್ಲಿದೆ. ಸಹಿ ನಿಮ್ಮದು. ಹಾಗಾದರೆ ನೀರೇ ಇರಬೇಕು, ಅಲ್ಲವೇ?"

ನಾನು ನೆನಪಿಸಿಕೊಂಡೆ. ಲ್ಯಾಬಿನಲ್ಲಿ ಕೂತಿದ್ದೆ, ಫ್ಯಾನು ತಿರುಗುತ್ತಿತ್ತು, ಕಿಟಕಿ ಮುಚ್ಚಿತ್ತು. ಹೊರಗೆ ಎಲ್ಲ ನೆಟ್ಟಗೆ ನಡೆಯುತ್ತಿತ್ತು. "ಬಡಿದದ್ದು ನನಗೆ ಗೊತ್ತಿಲ್ಲ," ಅಂದೆ.

"ನಾಳೆ ಬೆಳಿಗ್ಗೆ ನಿರ್ಧರಿಸೋಣ," ಅಂದಳು.

ಹೋಟೆಲು, ಸಂಜೆ

ಎಂಟಾದರೂ ಬಿಸಿಲಿತ್ತು. ಹೊರಗೆ ತಿನ್ನಲು ಮನಸ್ಸಾಗದೆ ರೊಟ್ಟಿ ಬಿಚ್ಚಿದೆ. ತಟ್ಟೆಯ ಮೇಲೆ ಚಟ್ನಿಪುಡಿಯ ಡಬ್ಬಿ ಬೋರಲು ಹಾಕಿದೆ. ಬೀಳಲಿಲ್ಲ. ಕೈ ತಾನಾಗಿ ಡಬ್ಬಿಯ ತಳಕ್ಕೆ ಎರಡು ಏಟು ಹಾಕಿತು, ಆಗಲೂ ಬೀಳಲಿಲ್ಲ. ಚಮಚದಿಂದ ಅಂಚು ಬಿಡಿಸಿದೆ. ಒಳಗೆ ವಾಟಿಯ ತಳದ ದುಂಡು ಗುರುತು ಇನ್ನೂ ಇತ್ತು.

ಆ ಗುರುತನ್ನು ಕಂಡು ಅನುಮಾನ ಹುಟ್ಟಿತು. ಆಮೇಲೆ ದಿನಚರಿಯಲ್ಲಿ ಹಿಂದಕ್ಕೆ ಹೋದೆ, ಪೆಟ್ಟಿಗೆ ತುಂಬಿದ ದಿನಕ್ಕೆ. ಮೂರೇ ಸಾಲು ಇತ್ತು: "ಹತ್ತಕ್ಕೆ ಶುರು, ಮೂರಕ್ಕೆ ಮುಗಿಯಿತು. ಎಲ್ಲ ನಿಯಮದಂತೆ. ಟಕ್ ಟಕ್ ಸದ್ದಿಗೆ ತಲೆನೋವು, ಎರಡು ಸಲ ಚಹಾ."

ಎರಡನೆಯ ಸಾಲನ್ನೂ ಮೂರನೆಯ ಸಾಲನ್ನೂ ಬರೆದದ್ದು ಒಂದೇ ಕೈ, ಒಂದೇ ಪೆನ್ನು. ನೆನಪಿಗೆ ಮಾತ್ರ ಸುಳ್ಳು ಹೇಳಲು ಬರುತ್ತದೆ ಎಂದುಕೊಂಡಿದ್ದೆ.

ಎರಡನೆಯ ಬೆಳಗು

ಏಳಕ್ಕೆ ಫೋನು ಮಾಡಿದೆ. ರಾಯಾಪುರದಲ್ಲಿ ಆಗ ಹತ್ತೂವರೆ.

"ಕಾಕಾ, ತುಂಬೂ ದಿನ ಪೆಟ್ಟಿಗಿಗೆ ಕೊಡತಿಲೆ ಬಡದಿದ್ರೇನ್ರಿ?"

"ಬಡದೇವಲ್ರಿ. ಎರಡೂ ಮಗ್ಗಲಾ, ಇಬ್ಬರು ಕೂಡಿ. ಸದ್ದ ಭಾಳ ಆತು ಅಂತ ನೀವss ಕಿಡಕಿ ಮುಚ್ಚಿದ್ರಿ."

ಕಿಟಕಿ ಮುಚ್ಚಿದ್ದು ನನಗೆ ನೆನಪಿತ್ತು. ಯಾಕೆ ಮುಚ್ಚಿದೆ ಎಂಬುದಷ್ಟೇ ಇರಲಿಲ್ಲ.

"ಬಡೀಬಾರದು ಅಂತ ಹಾಳ್ಯಾಗ ಬರದಿತ್ತಲ್ರಿ."

"ಹಾಳಿ ಇಂಗ್ಲೀಷಿನ್ಯಾಗ ಇತ್ತು. ನೀವು ಓದಿ ಹೇಳಿದ್ರಿ, ಒಳಗ ಯಾರೂ ಇಳೀಬ್ಯಾಡ್ರಿ, ಚೀಲಾ ಹರದೀತು ಅಂತ. ಬಡೀಬ್ಯಾಡ್ರಿ ಅಂದಿದ್ದು ನನಗ ನೆಪ್ಪಿಲ್ರಿ."

ಹೇಳಿದ್ದೆನೋ ಇಲ್ಲವೋ, ನನಗೂ ಗೊತ್ತಿಲ್ಲ. ದಿನಚರಿಯಲ್ಲೂ ಇಲ್ಲ.

ಕಾಕಾ ಮುಂದುವರಿಸಿದ. "ಅಕ್ಕಾರ, ನಮ್ಮಪ್ಪ ಸಂತ್ಯಾಗ ಚುರಮರಿ ಮಾರಾಂವ. ಸೇರ ತುಂಬಿ, ಎರಡ ಸಲ ಬಡದು, ಕುಂತ ಮ್ಯಾಲ ಮತ್ತ ತುಂಬಿ ಕೊಡತಿದ್ದ. ಬಡೀಲಾರದ ಕೊಟ್ರ ಅದು ಅಳತಿ ಅಲ್ಲ, ಮೋಸ ಅಂತಿದ್ದ. ಪೆಟ್ಟಿಗ್ಯಾಗ ಮ್ಯಾಲ ಬೋಳ ಕಾಣಾಕತ್ತಿತ್ತು, ಬಡದು ಮತ್ತ ತುಂಬಿದ್ವಿ. ಅಷ್ಟ ದೂರದವರು ಬಾಗಲಾ ತಗದು, ಹುಬ್ಬಳ್ಳಿಯವರು ಅರ್ಧಾ ಹೊಟ್ಟಿ ಕಳಸ್ಯಾರ ಅಂದ್ರ?"

"ತೂಕ ಮಾಡೇ ಕಳಸಿರತೇವಿ ಕಾಕಾ."

"ತೂಕಾ ಕಾಗದದಾಗ ಇರತೈತ್ರಿ. ಕಣ್ಣಿಗೆ ಕಾಣೂದು ಬ್ಯಾರೆ." ಆಮೇಲೆ, "ಯಾಕ್ರಿ, ಬೀಳಲಿಲ್ಲೇನು?" ಅಂದ.

"ಬೀಳಲಿಲ್ಲ."

"ಹಂಗಾರ ನನ್ನ ಹೆಸರು ಹೇಳ್ರಿ. ಬಡದಾಂವ ನಾನು. ನೀವು ಯಾಕ ಸಣ್ಣವರಾಗ್ತೀರಿ?"

ಕಾರ್ಖಾನೆಗೆ ನಡೆಯುವಾಗ ಅದೇ ಸಿಗ್ನಲ್ಲಿನಲ್ಲಿ ಎಲ್ಲರ ಜೊತೆ ನಿಂತೆ. ನೀರೆಂದು ಬಿಟ್ಟುಬಿಟ್ಟರೆ ಅದು ಚೀಲ ತಯಾರಿಸಿದವರ ತಪ್ಪಾಗುತ್ತದೆ. ಅವರನ್ನು ನಾನು ನೋಡಿಯೂ ಇಲ್ಲ. ಪುಡಿ ಕಸಕ್ಕೆ ಹೋಗುತ್ತದೆ, ಕಾಕಾ ಬಹುಶಃ ಉಳಿಯುತ್ತಾನೆ. ನಿಜ ಹೇಳಿದರೆ ಪುಡಿ ಉಳಿಯುತ್ತದೆ, ನನ್ನ ಸಹಿ ಸುಳ್ಳಾಗುತ್ತದೆ, ಕಾಕಾ ಮನೆಗೆ ಹೋಗಬಹುದು. ದೀಪ ಹಸಿರಾಗುವ ಮೊದಲೇ ನಿರ್ಧರಿಸಿದೆ ಎಂದು ನೆನಪು. ದಿನಚರಿಯ ಪ್ರಕಾರ ಕಾರ್ಖಾನೆಯ ಬಾಗಿಲ ಬಳಿ ಇನ್ನೂ ಹತ್ತು ನಿಮಿಷ ನಿಂತಿದ್ದೆ.

ಮಾರ್ಟಿನಾಳಿಗೆ ಹೇಳಿದೆ: "ಬಡಿದಿದ್ದಾರೆ. ನಾನು ಸದ್ದು ಕೇಳಿ ಕಿಟಕಿ ಮುಚ್ಚಿಕೊಂಡೆ. ಆಮೇಲೆ ಬಡಿದಿಲ್ಲ ಎಂದು ಸಹಿ ಹಾಕಿದೆ."

ಅವಳು ಬೈಯಲಿಲ್ಲ. ಹಾಳೆ ತೆಗೆದು, ಸ್ಕೇಲು ಇಟ್ಟು ಆ ಸಾಲನ್ನು ಹೊಡೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಅದರ ಕೆಳಗೆ ಇನ್ನೊಮ್ಮೆ ಸಹಿ ಹಾಕಿಸಿಕೊಂಡಳು. ಬೈದಿದ್ದರೆ ಸುಲಭವಾಗುತ್ತಿತ್ತು.

ಯೋಹಾನ್ ಉದ್ದನೆಯ ಸಪೂರ ಕೊಳವೆ ತಂದ. ಪೆಟ್ಟಿಗೆಯನ್ನು ನೆಲಕ್ಕೆ ಸಮ ಇಟ್ಟುಕೊಂಡೇ, ಚೀಲದ ಕೆಳಗಿನ ಬಾಯಿಂದ ಕೊಳವೆ ತೂರಿಸಿ, ಸಣ್ಣಗೆ ಗಾಳಿ ಬಿಟ್ಟ. ಒಂದು ಕಡೆ ಸ್ವಲ್ಪ ಹೊತ್ತು, ಇನ್ನೊಂದು ಕಡೆ ಸ್ವಲ್ಪ ಹೊತ್ತು. ನಮ್ಮ ಅಜ್ಜಿ ಒಲೆ ಊದುತ್ತಿದ್ದದ್ದು ಹೀಗೇ, ಬೂದಿ ಹಾರದಂತೆ. ಹನ್ನೆರಡಕ್ಕೆ ಮತ್ತೆ ಮಾಲ್‌ತ್ಸೈಟ್. ಈ ಸಲ ನಾನೂ ಅಂದೆ, ನಾನೂ ಉಂಡೆ.

ಊಟದ ಮೇಲೆ ಪೆಟ್ಟಿಗೆ ತಲೆ ಎತ್ತಿತು. ಮೊದಲು ಏನೂ ಇಲ್ಲ. ಆಮೇಲೆ ಒಳಗಿನಿಂದ ಭಾರವಾದ ಸೀರೆ ಜಾರಿ ಬಿದ್ದ ಹಾಗೆ ಒಂದು ಸದ್ದು, ಪೈಪು ತುಂಬಿಕೊಂಡಿತು. ಮೂರು ಗಂಟೆಯ ಹೊತ್ತಿಗೆ ಚೀಲ ಸೊರಗಿ ನೆಲಕ್ಕೆ ಅಂಟಿತ್ತು. ಯೋಹಾನ್ ಖಾಲಿ ಪೆಟ್ಟಿಗೆಯನ್ನು ಮತ್ತೆ ಗೆಣ್ಣಿನಿಂದ ತಟ್ಟಿದ. "ಈಗ ಸರಿ," ಅಂದ.

ತುಂಬಿದ ಫೋಟೋವನ್ನು ನಾನು ಕಾಕಾನಿಗೆ ಕಳಿಸಿರಲಿಲ್ಲ. ಖಾಲಿಯದನ್ನು ಕಳಿಸಿದೆ.

ಹೊರಡುವಾಗ ಮಾರ್ಟಿನಾ, "ಪುಡಿ ಚೆನ್ನಾಗಿದೆ. ಇನ್ನೆರಡು ಪೆಟ್ಟಿಗೆ ನೋಡೋಣ. ಒಂದು ಮಾತು: ಮುಂದಿನ ಹಾಳೆಗೆ ತುಂಬಿದವರೇ ಸಹಿ ಹಾಕಲಿ. ಅವರ ಭಾಷೆಯಲ್ಲೇ ಬರೆಯಲಿ, ನೀವು ಅನುವಾದಿಸಿ ಕಳಿಸಿ," ಅಂದಳು.

ರಾಯಾಪುರ

ಮಾಲಕರು ಕೇಳಿದ್ದು ಒಂದೇ: "ಯಾರ ತಪ್ಪರಿ?"

"ನಂದರಿ. ಮಾರ್ಟಿನಾ ಅಂದದ್ದ ಕೇಳೀರಲ್ರಿ, ತುಂಬಿದಾಂವನ ಸಹಿ ಬೇಕಂತ. ಕಾಕಾ ಇಲ್ಲಂದ್ರ ಯಾರ ಸಹಿ ಮಾಡಬೇಕು?"

"ಹೋಗಿ ಬಂದು ಭಾಳ ಶಾಣ್ಯಾ ಆಗೀರಿ," ಎಂದು ಅವರು ಫೋನು ಎತ್ತಿಕೊಂಡರು.

ಎರಡನೆಯ ಪೆಟ್ಟಿಗೆ ತುಂಬುವ ದಿನ ನಾನು ಅಂಗಳದಲ್ಲೇ ಸ್ಟೂಲು ಹಾಕಿಕೊಂಡು ಕೂತೆ. ಹಾಳೆಯನ್ನು ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿದೆ, ಓದಿ ಹೇಳಿದೆನೆಂದು ಅಲ್ಲೇ ಬರೆದುಕೊಂಡೆ. ಪುಡಿ ಇಳಿಯಿತು. ಬಾಗಿಲ ಹತ್ತಿರ ಗುಡ್ಡೆಯಾಗಿ, ಒಳಗೆ ಇಳಿಜಾರಾಗಿ, ಮೇಲೆ ಒಂದು ಮೊಳದಷ್ಟು ಬರಿದು. ಕಾಕಾ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಆ ಬರಿದನ್ನೇ ನೋಡುತ್ತಿದ್ದ.

"ಹಾದ್ಯಾಗ ಅದss ಕುಂದರತೈತಿ ಕಾಕಾ," ಅಂದೆ. "ಎಂಟ ದಿನ ರೈಲು ಅಲುಗಾಡಸತೈತಿ. ಬಡಿಯೋ ಕೆಲಸ ರೈಲಿಂದು."

"ಹಂಗಾರ ರೈಲಿನ ಕೈಲೆ ಸಹಿ ಮಾಡಸ್ರಿ," ಅಂದ. ನಗಲಿಲ್ಲ.

ಮುಗಿದ ಮೇಲೆ ಹಾಳೆ ಕೊಟ್ಟೆ. ಕಾಕಾ ಕನ್ನಡಕ ಹಾಕಿಕೊಂಡು, ಹಾಳೆಯನ್ನು ತೊಡೆಯ ಮೇಲಿಟ್ಟು, ಬಹಳ ಹೊತ್ತು ಬರೆದ. ಬಡಿಯಲಾಗಿದೆಯೇ ಎಂಬ ಸಾಲಿನ ಮುಂದೆ ಅರ್ಧ ಬೆರಳಷ್ಟೇ ಜಾಗವಿತ್ತು. ಅಕ್ಷರಗಳು ಅಂಚು ದಾಟಿ ಕೆಳಗಿಳಿದಿದ್ದವು:

"ಇಲ್ಲ. ಒಮ್ಮಿ ಕೈ ಹೋಗಿತ್ತು, ಹಿಂದಕ ತಗೊಂಡೆ. ದಸ್ತಗೀರ."

ಅದನ್ನು ಇಂಗ್ಲಿಷಿಗೆ ಮಾಡಿ ಮಾರ್ಟಿನಾಳಿಗೆ ಕಳಿಸಿದೆ. ಆ ದಿನದ ದಿನಚರಿಯಲ್ಲಿ "ಎಲ್ಲ ನಿಯಮದಂತೆ" ಎಂದು ಬರೆಯಹೋಗಿ ನಿಲ್ಲಿಸಿ, ಕಾಕಾನ ಸಾಲನ್ನೇ ನೋಡಿ ಬರೆದುಕೊಂಡೆ.